ಹವ್ಯಾಸಿ ರೇಡಿಯೋ ಸಮುದಾಯದ ವಾಲ್ವ್ ಪರೀಕ್ಷಕ: ಒಂದು ಆಧುನಿಕ ಜನಪದ ತಂತ್ರಜ್ಞಾನದ ಸ್ವರೂಪ

1. ಪ್ರಸ್ತಾವನೆ

ಜನಪದ ತಂತ್ರಜ್ಞಾನ ಎಂದೊಡನೆ ನೇಗಿಲು, ಕೂರಿಗೆ, ಗಾಣ, ಮಗ್ಗ, ಕುಲುಮೆ, ತಿಗರಿ ಮೊದಲಾದವು ಕನ್ನಡ ಜಾನಪದ ವಿದ್ವಾಂಸರ ಕಣ್ಣಮುಂದೆ ಬರುತ್ತವೆ. ಇವುಗಳ ವಿವರಣೆ, ವರ್ಗೀಕರಣ ಹಾಗೂ ಪ್ರಾದೇಶಿಕ ಭಿನ್ನತೆಗಳನ್ನು ಕುರಿತು ಗಣನೀಯ ಕೆಲಸ ನಡೆದಿದೆ. ಆದರೆ ವಸ್ತುವನ್ನು ತಯಾರಿಸುವ ಅರಿವಿನಷ್ಟೇ ಮುಖ್ಯವಾದ ಇನ್ನೊಂದು ಅರಿವು, ಅಂದರೆ ವಸ್ತುವನ್ನು ಪರೀಕ್ಷಿಸುವ ಅರಿವು, ಅಷ್ಟಾಗಿ ಗಮನ ಸೆಳೆದಿಲ್ಲ. ಕುಂಬಾರನು ಸುಟ್ಟ ಮಡಕೆಯನ್ನು ಬೆರಳಿನಿಂದ ಬಡಿದು ಅದರ ನಾದದಿಂದ ಬಿರುಕನ್ನು ಗುರುತಿಸುತ್ತಾನೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ, ಅದರ ಗೆರೆಯನ್ನು ಗುಣ ತಿಳಿದ ಚಿನ್ನದ ಗೆರೆಯೊಡನೆ ಹೋಲಿಸುತ್ತಾನೆ. ದನದ ಜಾತ್ರೆಯಲ್ಲಿ ರೈತನು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ ಪ್ರಾಯವನ್ನು ನಿರ್ಧರಿಸುತ್ತಾನೆ. ಈ ಮೂರೂ ಸಂದರ್ಭಗಳಲ್ಲಿ ಪ್ರಯೋಗಾಲಯವಿಲ್ಲ. ಮಾರುವವನ ಮಾತನ್ನು ಹಾಗೆಯೇ ನಂಬುವಂತೆಯೂ ಇಲ್ಲ. ಕೊಳ್ಳುವವನು ತನ್ನ ಪರಂಪರೆಯಿಂದ ಬಂದ ಒಂದು ಪರೀಕ್ಷಾ ಕ್ರಮವನ್ನು ಅವಲಂಬಿಸಿ ತೀರ್ಮಾನಕ್ಕೆ ಬರುತ್ತಾನೆ.

ಇಂತಹ ಪರೀಕ್ಷಾ ಪರಂಪರೆಗಳು ಕೃಷಿ ಮತ್ತು ಕುಲಕಸುಬುಗಳಿಗೆ ಮಾತ್ರ ಸೀಮಿತವಾದವುಗಳಲ್ಲ. ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಹವ್ಯಾಸಿ ರೇಡಿಯೋ ಸಮುದಾಯವು ಅಧಿಕ ಶಕ್ತಿಯ ಪ್ರೇಷಕ ವಾಲ್ವುಗಳನ್ನು ಪರೀಕ್ಷಿಸಲು ತನ್ನದೇ ಆದ ಉಪಕರಣವನ್ನು ಮನೆಯಲ್ಲಿಯೇ ರಚಿಸಿಕೊಂಡಿದೆ. ಈ ಉಪಕರಣದ ರಚನೆ ಹಾಗೂ ಕಾರ್ಯವಿಧಾನವನ್ನು ವಿವರಿಸುವುದು, ಅದರ ಹಿಂದಿರುವ ತಿಳಿವಳಿಕೆ ಯಾವ ಬಗೆಯದು ಮತ್ತು ಅದು ಯಾವುದರಲ್ಲಿ ನೆಲೆಸಿದೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸಮುದಾಯದ ಹಿನ್ನೆಲೆ

ಕನಿಷ್ಠ ಒಂದು ಸಾಮಾನ್ಯ ಅಂಶದಿಂದ ಬೆಸೆದುಕೊಂಡ ಯಾವುದೇ ಜನಸಮೂಹವನ್ನು 'ಜನಪದ' ಎಂದು ಪರಿಗಣಿಸಬಹುದೆಂಬ ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಅವರ ವ್ಯಾಖ್ಯೆ ಜಾನಪದ ಅಧ್ಯಯನಕಾರರಿಗೆ ಪರಿಚಿತವಾದುದು. ಹವ್ಯಾಸಿ ರೇಡಿಯೋ ಬಳಗಕ್ಕೆ ಈ ವ್ಯಾಖ್ಯೆ ಸಹಜವಾಗಿಯೇ ಅನ್ವಯಿಸುತ್ತದೆ. ಸರ್ಕಾರದಿಂದ ಪರವಾನಗಿ ಪಡೆದು, ಹಣದ ಆಸೆಯಿಲ್ಲದೆ, ತಮ್ಮ ಮನೆಗಳಿಂದ ರೇಡಿಯೋ ಅಲೆಗಳ ಮೂಲಕ ಪರಸ್ಪರ ಸಂಪರ್ಕ ಸಾಧಿಸುವವರು ಇವರು. 'ಹ್ಯಾಮ್' ಎಂಬ ಹೆಸರಿನಿಂದ ಲೋಕಪ್ರಸಿದ್ಧರು. ಅಮೆರಿಕದಲ್ಲಿ ಇವರ ಸಂಘಟನೆಯಾದ ಅಮೆರಿಕನ್ ರೇಡಿಯೋ ರಿಲೇ ಲೀಗ್ 1914ರಲ್ಲಿ ಸ್ಥಾಪನೆಯಾಯಿತು. ಅದರ 'ಕ್ಯೂಎಸ್‌ಟಿ' ಪತ್ರಿಕೆ 1915ರಲ್ಲಿ ಆರಂಭವಾಯಿತು.

ಈ ಸಮುದಾಯಕ್ಕೆ ತನ್ನದೇ ಆದ ನುಡಿಗಟ್ಟುಗಳಿವೆ. ದೊಡ್ಡ ಗಾಜಿನ ವಾಲ್ವನ್ನು ಅವರು 'ಬಾಟಲ್' ಎನ್ನುತ್ತಾರೆ. ಎತ್ತಲಾರದಷ್ಟು ಭಾರವಾದ ಹಳೆಯ ಯಂತ್ರವನ್ನು ದೋಣಿಯ ಲಂಗರಿಗೆ ಹೋಲಿಸಿ 'ಬೋಟ್ ಆಂಕರ್' ಎಂದು ಹಾಸ್ಯ ಮಾಡುತ್ತಾರೆ. ಹೊಸದಾಗಿ ಕಟ್ಟಿದ ಯಂತ್ರಕ್ಕೆ ಮೊದಲ ಬಾರಿ ವಿದ್ಯುತ್ ಕೊಟ್ಟು ಹೊಗೆ ಬರುವುದೋ ಇಲ್ಲವೋ ಎಂದು ನೋಡುವುದು 'ಸ್ಮೋಕ್ ಟೆಸ್ಟ್'. ತೀರಿಕೊಂಡ ಹವ್ಯಾಸಿಯನ್ನು, ಅವನ ತಂತಿ ಸಂದೇಶದ ಕೀಲಿ ಮೌನವಾಯಿತೆಂಬ ಅರ್ಥದಲ್ಲಿ, 'ಸೈಲೆಂಟ್ ಕೀ' ಎಂದು ಗೌರವದಿಂದ ಸ್ಮರಿಸುತ್ತಾರೆ. ಹೊಸಬನ ಕೈಹಿಡಿದು ವಿದ್ಯೆ ಕಲಿಸುವ ಹಿರಿಯನಿಗೆ 'ಎಲ್ಮರ್' ಎಂಬ ಹೆಸರಿದೆ. 1971ರಲ್ಲಿ ಕ್ಯೂಎಸ್‌ಟಿ ಪತ್ರಿಕೆಯ ಅಂಕಣವೊಂದರಿಂದ ಈ ಪದ ಬಳಕೆಗೆ ಬಂತು. ನಮ್ಮ ಕುಲಕಸುಬುಗಳಲ್ಲಿನ ಗುರು-ಶಿಷ್ಯ ಸಂಬಂಧವನ್ನು ಇದು ನೆನಪಿಸುತ್ತದೆ.

ಕಾರ್ಖಾನೆಗೂ ಹವ್ಯಾಸಿಗೂ ಇಲ್ಲಿ ನಿಕಟವಾದ ನಂಟಿದೆ. ಪ್ರೇಷಕ ವಾಲ್ವುಗಳಿಗೆ ಹೆಸರಾದ ಐಮ್ಯಾಕ್ ಸಂಸ್ಥೆಯನ್ನು 1934ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ ಆರಂಭಿಸಿದ ವಿಲಿಯಂ ಐಟಲ್ ಮತ್ತು ಜ್ಯಾಕ್ ಮೆಕಲ್ಲೋ ಇಬ್ಬರೂ ಹವ್ಯಾಸಿಗಳೇ ಆಗಿದ್ದರು. ಕರ್ನಾಟಕದಲ್ಲಿಯೂ ಪ್ರಸಾರದ ಚರಿತ್ರೆ ಒಂದು ಮನೆಯಿಂದಲೇ ಆರಂಭವಾಯಿತೆಂಬುದು ಗಮನಾರ್ಹ. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸದಿಂದ 30 ವಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರು ಮುಂದೆ ರಾಷ್ಟ್ರದ ಪ್ರಸಾರ ಸಂಸ್ಥೆಯ ಹೆಸರಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ಗ್ರಾಹಕ ವಾಲ್ವುಗಳನ್ನೂ 1967ರಲ್ಲಿ ಪ್ರೇಷಕ ವಾಲ್ವುಗಳನ್ನೂ ತಯಾರಿಸತೊಡಗಿತು. ಹೀಗಾಗಿ ವಾಲ್ವು ಎಂಬ ವಸ್ತು ಈ ನೆಲಕ್ಕೆ ಹೊರಗಿನದಲ್ಲ.

3. ವಾಲ್ವಿನ ರಚನೆ ಮತ್ತು ದೋಷಗಳು

ಪರೀಕ್ಷಕವನ್ನು ಅರಿಯಬೇಕಾದರೆ ಮೊದಲು ಪರೀಕ್ಷೆಗೆ ಒಳಗಾಗುವ ವಸ್ತುವನ್ನು ಅರಿಯಬೇಕು. ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ಅಥವಾ ಪಿಂಗಾಣಿ-ಲೋಹದ ಕವಚವೇ ನಿರ್ವಾತ ನಳಿಕೆ, ರೂಢಿಯ ಮಾತಿನಲ್ಲಿ ವಾಲ್ವು. ಅದರ ನಡುವೆ ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುವ ತಂತು, ಅದರ ಸುತ್ತ ಪ್ರವಾಹವನ್ನು ಹಿಡಿತದಲ್ಲಿಡುವ ಗ್ರಿಡ್ ಎಂಬ ತಂತಿಯ ಜಾಲ, ಹೊರಗೆ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಆನೋಡ್ ಇರುತ್ತವೆ. 1904ರಲ್ಲಿ ಫ್ಲೆಮಿಂಗ್ ರೂಪಿಸಿದ ಎರಡು ಅಂಗಗಳ ವಾಲ್ವಿಗೆ 1906ರಲ್ಲಿ ಲೀ ಡಿ ಫಾರೆಸ್ಟ್ ಮೂರನೆಯ ಅಂಗವನ್ನು ಸೇರಿಸಿದ ಮೇಲೆ ಈ ರಚನೆ ನೆಲೆಗೊಂಡಿತು.

ಅಧಿಕ ಶಕ್ತಿಯ ಅನೇಕ ವಾಲ್ವುಗಳಲ್ಲಿ ಟಂಗ್‌ಸ್ಟನ್ ಲೋಹಕ್ಕೆ ಶೇಕಡಾ ಒಂದೆರಡರಷ್ಟು ಥೋರಿಯಂ ಆಕ್ಸೈಡ್ ಬೆರೆಸಿದ ತಂತುವಿರುತ್ತದೆ. ಅದು ಸುಮಾರು 1700 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಕೆಲಸ ಮಾಡುತ್ತದೆ. ಹವ್ಯಾಸಿಗಳಲ್ಲಿ ಬಹುಬಳಕೆಯ 813 ವಾಲ್ವಿನ ತಂತುವಿಗೆ 10 ವೋಲ್ಟ್ ಮತ್ತು 5 ಆಂಪಿಯರ್ ಬೇಕು. 3-500ಜ಼ೆಡ್ ಎಂಬ ವಾಲ್ವಿಗೆ 5 ವೋಲ್ಟಿನಲ್ಲಿ ಸುಮಾರು 14.5 ಆಂಪಿಯರ್ ಬೇಕು. ಅದರ ಆನೋಡ್ 500 ವಾಟಿನಷ್ಟು ಶಾಖವನ್ನು ತಾಳಬಲ್ಲದು.

ವಾಲ್ವಿನ ದೋಷಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ತಂತು ತುಂಡಾಗುವುದು ಅಥವಾ ಜೋತು ಗ್ರಿಡ್ಡಿಗೆ ತಗಲುವುದು. ಎರಡನೆಯದು ಉತ್ಸರ್ಜನೆ ಕುಗ್ಗುವುದು, ಅಂದರೆ ಎಲೆಕ್ಟ್ರಾನುಗಳನ್ನು ಹೊರಸೂಸುವ ಶಕ್ತಿ ಕ್ಷೀಣಿಸುವುದು. ಮೂರನೆಯದು ಒಳಗಿನ ನಿರ್ವಾತ ಕೆಟ್ಟು ಅನಿಲ ಸೇರುವುದು. ಹವ್ಯಾಸಿಗಳು ಇಂತಹ ವಾಲ್ವನ್ನು 'ಸಾಫ್ಟ್', ಅಂದರೆ ಮೆತ್ತಗಾದದ್ದು ಎನ್ನುತ್ತಾರೆ. ನಾಲ್ಕನೆಯದು ಅಂಗಗಳ ನಡುವಣ ನಿರೋಧನ ಕೆಟ್ಟು ವಿದ್ಯುತ್ ಸೋರುವುದು. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ.

4. ಪರೀಕ್ಷೆಯ ಅಗತ್ಯ ಮತ್ತು ಕಾರ್ಖಾನೆಯ ಪರೀಕ್ಷಕಗಳ ಮಿತಿ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ಸಾಮಗ್ರಿಯಾಗಿ 807, 813ರಂತಹ ಪ್ರೇಷಕ ವಾಲ್ವುಗಳು ಹೇರಳವಾಗಿ ಮಾರುಕಟ್ಟೆಗೆ ಬಂದವು. ಟ್ರಾನ್ಸಿಸ್ಟರ್ ಬಂದ ಬಳಿಕ ವಾಲ್ವು ತಯಾರಿಕೆ ಬಹುಮಟ್ಟಿಗೆ ನಿಂತಿತಾದರೂ ಅಧಿಕ ಶಕ್ತಿಯ ವರ್ಧಕಗಳಲ್ಲಿ ಅದರ ಬಳಕೆ ಮುಂದುವರಿದಿದೆ. ಇಂದು ಹವ್ಯಾಸಿಗೆ ದೊರೆಯುವ ವಾಲ್ವುಗಳಲ್ಲಿ ಹೆಚ್ಚಿನವು ಹಳೆಯ ದಾಸ್ತಾನು, ಯಂತ್ರಗಳಿಂದ ಕಳಚಿದವು ಅಥವಾ ತೀರಿಕೊಂಡ ಹವ್ಯಾಸಿಗಳ ಸಂಗ್ರಹದಿಂದ ಬಂದವು. 1952ರಲ್ಲಿ ಆರಂಭವಾದ ಅಮೆರಿಕದ ಡೇಟನ್ ಹ್ಯಾಮ್‌ವೆನ್ಷನ್‌ನಂತಹ ಮೇಳಗಳಲ್ಲಿ ಇವು ಕೈಬದಲಾಗುತ್ತವೆ. 'ಹೊಸದು, ಬಳಸಿಲ್ಲ' ಎಂಬ ಮಾರುವವನ ಮಾತು ಪ್ರಾಮಾಣಿಕವೇ ಆಗಿದ್ದರೂ ದಶಕಗಳ ಕಾಲ ಪೆಟ್ಟಿಗೆಯಲ್ಲಿದ್ದ ವಾಲ್ವಿನೊಳಗೆ ಅನಿಲ ಸೇರಿರಬಹುದು. ಅದನ್ನು ಪರೀಕ್ಷಿಸದೆ ವರ್ಧಕಕ್ಕೆ ಹಾಕಿದರೆ ಒಳಗೆ ಕಿಡಿ ಹಾರಿ ವಾಲ್ವಿನ ಜೊತೆಗೆ ವರ್ಧಕವೂ ಹಾಳಾಗುವ ಸಂಭವವಿದೆ. ದನದ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ಕೊಂಡವನ ಸ್ಥಿತಿಗಿಂತ ಇದು ಭಿನ್ನವಲ್ಲ.

ರೇಡಿಯೋ ದುರಸ್ತಿಗಾರರು ಬಳಸುತ್ತಿದ್ದ ಕಾರ್ಖಾನೆಯ ಪರೀಕ್ಷಕಗಳು ಈ ಕೆಲಸಕ್ಕೆ ಒದಗುವುದಿಲ್ಲ. ಅಮೆರಿಕದ ಹಿಕಾಕ್, ಇಂಗ್ಲೆಂಡಿನ ಆವೋ ಮೊದಲಾದ ಹೆಸರಾಂತ ಪರೀಕ್ಷಕಗಳು ಮುಖ್ಯವಾಗಿ ಗ್ರಾಹಕ ವಾಲ್ವುಗಳಿಗಾಗಿ ರೂಪುಗೊಂಡವು. ಅವು ಆನೋಡಿಗೆ ಕೆಲವು ನೂರು ವೋಲ್ಟುಗಳನ್ನಷ್ಟೇ ಒದಗಿಸುತ್ತವೆ. ಪ್ರೇಷಕ ವಾಲ್ವು ದುಡಿಯುವುದು ಎರಡು ಮೂರು ಸಾವಿರ ವೋಲ್ಟಿನಲ್ಲಿ. ತಂತುವಿಗೆ ಬೇಕಾದ ಹತ್ತು ಹದಿನೈದು ಆಂಪಿಯರ್ ಪ್ರವಾಹ ಅವುಗಳ ಶಕ್ತಿಗೆ ಮೀರಿದ್ದು. ದೊಡ್ಡ ವಾಲ್ವುಗಳಿಗೆ ಒಪ್ಪುವ ಸಾಕೆಟ್ಟುಗಳೂ ಅವುಗಳಲ್ಲಿಲ್ಲ. ಕಾರ್ಖಾನೆಗಳು ತಮಗಾಗಿ ನಿರ್ಮಿಸಿಕೊಂಡ ಬೃಹತ್ ಪರೀಕ್ಷಾ ಸ್ಥಾವರಗಳು ಹೊರಗಿನವರ ಕೈಗೆಟುಕುವಂತಹವಲ್ಲ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡದ್ದೇ ಮನೆಯಲ್ಲಿ ಕಟ್ಟಿದ ಪರೀಕ್ಷಕ.

5. ಪರೀಕ್ಷಕದ ರಚನೆ ಮತ್ತು ಕಾರ್ಯವಿಧಾನ

ಮನೆಯಲ್ಲಿ ಕಟ್ಟಿದ ಪರೀಕ್ಷಕಗಳು ಒಂದರಂತೆ ಒಂದಿರುವುದಿಲ್ಲ. ಆದರೂ ಅವುಗಳಲ್ಲಿ ಸಮಾನವಾಗಿ ಕಾಣಬರುವ ಘಟಕಗಳನ್ನು ಹೀಗೆ ಗುರುತಿಸಬಹುದು.

ಅ) ಸಾಕೆಟ್ ಮತ್ತು ತಂತು ಪೂರೈಕೆ: ಪ್ರತಿಯೊಂದು ಬಗೆಯ ವಾಲ್ವಿಗೂ ಬೇರೆ ಬೇರೆ ಸಾಕೆಟ್ ಬೇಕಾದುದರಿಂದ ಅವುಗಳನ್ನು ಬದಲಾಯಿಸಬಹುದಾದ ತಗಡುಗಳ ಮೇಲೆ ಜೋಡಿಸಲಾಗುತ್ತದೆ. ತಂತುವನ್ನು ಉರಿಸಿದ ಮಾತ್ರಕ್ಕೇ 3-500ಜ಼ೆಡ್‌ನಂತಹ ವಾಲ್ವಿನ ಬುಡದ ಗಾಜು-ಲೋಹದ ಬೆಸುಗೆಗಳು ಕಾಯುವುದರಿಂದ ಕೆಳಗೊಂದು ಗಾಳಿಯಂತ್ರ ಅಗತ್ಯ. ತಂತುವಿನ ಟ್ರಾನ್ಸ್‌ಫಾರ್ಮರಿಗೆ ಬರುವ ವಿದ್ಯುತ್ತನ್ನು ವೇರಿಯಾಕ್ ಎಂಬ ಹೊಂದಿಸಬಹುದಾದ ಟ್ರಾನ್ಸ್‌ಫಾರ್ಮರ್ ಮೂಲಕ ಹಾಯಿಸಲಾಗುತ್ತದೆ. ತಣ್ಣಗಿರುವ ಟಂಗ್‌ಸ್ಟನ್ ತಂತುವಿನ ರೋಧ ಕಾದ ತಂತುವಿನ ರೋಧದ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಮಿತಿಮೀರಿದ ಪ್ರವಾಹ ನುಗ್ಗುವುದರಿಂದ ವೇರಿಯಾಕನ್ನು ನಿಧಾನವಾಗಿ ಏರಿಸುವುದು ರೂಢಿ.

ವೋಲ್ಟೇಜನ್ನು ಅಳೆಯುವ ಜಾಗವೂ ಮುಖ್ಯ. 14.5 ಆಂಪಿಯರ್ ಹರಿಯುವಾಗ ತಂತಿ ಮತ್ತು ಸಾಕೆಟ್ಟುಗಳಲ್ಲಿ ಕೇವಲ 0.02 ಓಮ್ ರೋಧವಿದ್ದರೂ 0.29 ವೋಲ್ಟ್ ನಷ್ಟವಾಗುತ್ತದೆ. 5 ವೋಲ್ಟಿನ ತಂತುವಿಗೆ ಇದು ಶೇಕಡಾ 6ರಷ್ಟು. ತಯಾರಕರು ಒಪ್ಪುವ ಶೇಕಡಾ 5ರ ಮಿತಿಯನ್ನು ದಾಟಿದ್ದು. ಆದಕಾರಣ ಅಳತೆಯನ್ನು ಟ್ರಾನ್ಸ್‌ಫಾರ್ಮರಿನ ಬಳಿ ಮಾಡದೆ ವಾಲ್ವಿನ ಪಿನ್ನುಗಳ ಮೇಲೆಯೇ ಮಾಡಬೇಕೆಂಬುದು ಹಿರಿಯರು ಕಿರಿಯರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು.

ಆ) ಸೋರಿಕೆಯ ಪರೀಕ್ಷೆ: ತಂತುವನ್ನು ಉರಿಸದೆ, ತಣ್ಣಗಿರುವ ವಾಲ್ವಿನ ಆನೋಡ್ ಮತ್ತು ಗ್ರಿಡ್ ನಡುವೆ ಅಧಿಕ ವೋಲ್ಟೇಜ್ ಕೊಟ್ಟು ಎಷ್ಟು ಪ್ರವಾಹ ಸೋರುತ್ತದೆ ಎಂದು ನೋಡುವುದು ಇದರ ಕ್ರಮ. ವೋಲ್ಟೇಜ್ ಅಧಿಕವಾದರೂ ಪ್ರವಾಹ ಅತ್ಯಲ್ಪವಾಗಿರುವಂತೆ ಸರಣಿಯಲ್ಲಿ ದೊಡ್ಡ ರೋಧಕವನ್ನು ಇರಿಸಲಾಗುತ್ತದೆ. 5000 ವೋಲ್ಟಿಗೆ 10 ಮೆಗಾ ಓಮ್ ರೋಧಕವಿದ್ದಲ್ಲಿ ವಾಲ್ವಿನೊಳಗೆ ಪೂರ್ತಿ ತಗಲಿಕೊಂಡಿದ್ದರೂ ಪ್ರವಾಹ ಅರ್ಧ ಮಿಲಿ ಆಂಪಿಯರನ್ನು ಮೀರಲಾರದು. ಸಾಮಾನ್ಯ ರೋಧಕವೊಂದು ಅಷ್ಟು ವೋಲ್ಟೇಜನ್ನು ತಾಳದಾದ್ದರಿಂದ 1 ಮೆಗಾ ಓಮಿನ ಹತ್ತು ರೋಧಕಗಳನ್ನು ಸಾಲಾಗಿ ಜೋಡಿಸಿ ಪ್ರತಿಯೊಂದರ ಪಾಲಿಗೆ 500 ವೋಲ್ಟ್ ಬರುವಂತೆ ಮಾಡಲಾಗುತ್ತದೆ. ಮೀಟರಿನ ಮುಳ್ಳು ಸ್ಥಿರವಾಗಿ ಸೊನ್ನೆಯ ಬಳಿ ನಿಂತರೆ ವಾಲ್ವು ಒಳ್ಳೆಯದು. ಮುಳ್ಳು ಆಗಾಗ ಜಿಗಿಯುತ್ತಿದ್ದರೆ ಒಳಗೆ ಅನಿಲವಿರಬಹುದೆಂಬ ಶಂಕೆ ಬರುತ್ತದೆ.

ಇ) ಉತ್ಸರ್ಜನೆಯ ಪರೀಕ್ಷೆ: ತಂತುವನ್ನು ಉರಿಸಿ, ಆನೋಡಿಗೆ ಸಣ್ಣ ವೋಲ್ಟೇಜ್ ಕೊಟ್ಟು ಪ್ರವಾಹ ನೋಡುವುದು ಸರಳವಾದ ವಿಧಾನ. ಆದರೆ ಇದರಲ್ಲೊಂದು ಮೋಸವಿದೆ. ಕಡಿಮೆ ವೋಲ್ಟೇಜಿನಲ್ಲಿ ತಂತುವಿನ ಸುತ್ತ ಎಲೆಕ್ಟ್ರಾನುಗಳ ಮೋಡವೊಂದು ನೆಲಸಿ ಪ್ರವಾಹಕ್ಕೆ ಮಿತಿ ಹಾಕುವುದರಿಂದ, ಶಕ್ತಿ ಕುಂದಿದ ತಂತುವೂ ಬೇಕಾದಷ್ಟನ್ನು ಒದಗಿಸಿಬಿಡುತ್ತದೆ. ಹೀಗಾಗಿ ದಣಿದ ವಾಲ್ವೂ ಗಟ್ಟಿಮುಟ್ಟಾಗಿ ತೋರುತ್ತದೆ. ಈ ಮೋಸವನ್ನು ಬಯಲು ಮಾಡಲು ತಂತುವಿನ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋಗುವ ಕ್ರಮ ಬಳಕೆಯಲ್ಲಿದೆ. ಒಳ್ಳೆಯ ವಾಲ್ವಿನಲ್ಲಿ ವೋಲ್ಟೇಜ್ ಗಣನೀಯವಾಗಿ ಇಳಿದ ಮೇಲಷ್ಟೇ ಪ್ರವಾಹ ಕುಸಿಯತೊಡಗುತ್ತದೆ. ದಣಿದ ವಾಲ್ವಿನಲ್ಲಿ ಇಳಿಸಿದ ಮರುಗಳಿಗೆಯೇ ಕುಸಿಯುತ್ತದೆ. ಕುಸಿತ ಯಾವ ಬಿಂದುವಿನಲ್ಲಿ ಆರಂಭವಾಗುತ್ತದೆ ಎಂಬುದರಿಂದ ತಂತುವಿನಲ್ಲಿ ಉಳಿದಿರುವ ಆಯುಷ್ಯವನ್ನು ಅಂದಾಜು ಮಾಡಲಾಗುತ್ತದೆ.

ಈ) ಕ್ಷಣಿಕ ಸ್ಪಂದನದ ಪರೀಕ್ಷೆ: ವಾಲ್ವನ್ನು ಅದು ನಿಜವಾಗಿ ದುಡಿಯುವ ವೋಲ್ಟೇಜಿನಲ್ಲಿಯೇ ಪರೀಕ್ಷಿಸಬೇಕೆಂಬವರು ಇನ್ನೊಂದು ವಿಧಾನ ಅನುಸರಿಸುತ್ತಾರೆ. 2000 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಹರಿದರೆ 1000 ವಾಟ್ ಆಗುತ್ತದೆ. 500 ವಾಟಿನ ಆನೋಡ್ ಇದನ್ನು ಬಹುಕಾಲ ತಾಳಲಾರದು, ಮನೆಯ ಟ್ರಾನ್ಸ್‌ಫಾರ್ಮರ್ ಕೂಡ ಒದಗಿಸಲಾರದು. ಆದರೆ ಗ್ರಿಡ್ಡನ್ನು ಋಣ ವೋಲ್ಟೇಜಿನಲ್ಲಿಟ್ಟು ಪ್ರವಾಹವನ್ನು ತಡೆದು, ನೂರು ಮಿಲಿ ಸೆಕೆಂಡಿಗೊಮ್ಮೆ ಒಂದು ಮಿಲಿ ಸೆಕೆಂಡಿನಷ್ಟು ಮಾತ್ರ ತೆರೆದರೆ ಸರಾಸರಿ ಶಕ್ತಿ 10 ವಾಟಿಗೆ ಇಳಿಯುತ್ತದೆ. ಈ ಕ್ಷಣಿಕ ಪ್ರವಾಹವನ್ನು 20 ಮೈಕ್ರೋಫ್ಯಾರಡ್ ಧಾರಕವೊಂದು ಒದಗಿಸುತ್ತದೆ. ಪ್ರತಿ ಸ್ಪಂದನದಲ್ಲಿ ಅದರ ವೋಲ್ಟೇಜ್ ಇಳಿಯುವುದು 25ರಷ್ಟು ಮಾತ್ರ. ತಂತುವಿನ ಮಾರ್ಗದಲ್ಲಿ 1 ಓಮ್ ರೋಧಕವನ್ನಿಟ್ಟು ಆಸಿಲೋಸ್ಕೋಪಿನಲ್ಲಿ ನೋಡಿದರೆ ಅರ್ಧ ಆಂಪಿಯರ್ ಪ್ರವಾಹ ಅರ್ಧ ವೋಲ್ಟಾಗಿ ಕಾಣುತ್ತದೆ. ಗ್ರಿಡ್ಡಿನ ವೋಲ್ಟೇಜನ್ನು ಒಂದು ವೋಲ್ಟಿನಷ್ಟು ಬದಲಿಸಿದಾಗ ಆನೋಡಿನ ಪ್ರವಾಹ ಎಷ್ಟು ಬದಲಾಗುತ್ತದೆ ಎಂಬುದನ್ನೂ ಹೀಗೆಯೇ ತಿಳಿಯಬಹುದು. ಎರಡು ವಾಲ್ವುಗಳನ್ನು ಒಟ್ಟಿಗೆ ಹೂಡುವಾಗ ಈ ಅಳತೆ ಉಪಯುಕ್ತ. ಜೋಡೆತ್ತುಗಳಂತೆ ಅವು ಸಮನಾಗಿ ಭಾರ ಎಳೆಯಬೇಕು. ವಾಲ್ವಿನೊಳಗೆ ಕಿಡಿ ಹಾರಿದರೆ ಧಾರಕದ ಶಕ್ತಿಯೆಲ್ಲ ಅದರೊಳಗೆ ಸುರಿಯದಂತೆ ಆನೋಡಿನ ಸರಣಿಯಲ್ಲಿ 50 ಓಮಿನಷ್ಟು ತಡೆಯನ್ನು ಇರಿಸುವುದೂ ಉಂಟು.

ಉ) ಅನಿಲದ ಪರೀಕ್ಷೆ: ಒಳಗೆ ಅನಿಲವಿದ್ದರೆ ಎಲೆಕ್ಟ್ರಾನುಗಳ ಹೊಡೆತಕ್ಕೆ ಧನ ಅಯಾನುಗಳು ಹುಟ್ಟಿ ಋಣ ವೋಲ್ಟೇಜಿನಲ್ಲಿರುವ ಗ್ರಿಡ್ಡಿನತ್ತ ಓಡುತ್ತವೆ. ಗ್ರಿಡ್ಡಿನ ಮಾರ್ಗದಲ್ಲಿ ದೊಡ್ಡ ರೋಧಕವೊಂದನ್ನು ಸೇರಿಸಿದಾಗ ಆನೋಡಿನ ಪ್ರವಾಹ ಏರಿದರೆ ಅಲ್ಲಿ ಅಯಾನುಗಳ ಪ್ರವಾಹವಿದೆ, ಅಂದರೆ ನಿರ್ವಾತ ಕೆಟ್ಟಿದೆ ಎಂದು ತಿಳಿಯಲಾಗುತ್ತದೆ.

6. ಎಚ್ಚರಿಕೆಯ ವಿಧಿಗಳು

ಈ ಉಪಕರಣ ಸಾವನ್ನು ತರಬಲ್ಲದ್ದು. ಮೇಲೆ ಹೇಳಿದ ಧಾರಕದಲ್ಲಿ 2000 ವೋಲ್ಟಿನಲ್ಲಿ 40 ಜೌಲ್ ಶಕ್ತಿ ಶೇಖರಗೊಂಡಿರುತ್ತದೆ. ಸ್ವಿಚ್ ತೆಗೆದ ಮೇಲೂ ಅದು ಅಲ್ಲಿಯೇ ಉಳಿದಿರುತ್ತದೆ. ಅದನ್ನು ಬರಿದು ಮಾಡಲು 200 ಕಿಲೋ ಓಮ್ ರೋಧಕವನ್ನು ಧಾರಕಕ್ಕೆ ಅಡ್ಡಲಾಗಿ ಇರಿಸಿದರೆ ವೋಲ್ಟೇಜ್ ಶೇಕಡಾ ಒಂದಕ್ಕಿಂತ ಕೆಳಗಿಳಿಯಲು ಸುಮಾರು 20 ಸೆಕೆಂಡ್ ಬೇಕು. ಆ ರೋಧಕವೇ ಸುಟ್ಟು ತುಂಡಾಗಿದ್ದರೆ ಎಷ್ಟು ಕಾದರೂ ಧಾರಕ ಸುರಕ್ಷಿತವಲ್ಲ.

ಕ್ಯೂಎಸ್‌ಟಿ ಪತ್ರಿಕೆಯ ಸಂಪಾದಕ ವರ್ಗದಲ್ಲಿದ್ದ, ಆಸ್ಟ್ರೇಲಿಯಾ ಮೂಲದ ರಾಸ್ ಹಲ್ 1938ರಲ್ಲಿ ತಮ್ಮ ದೂರದರ್ಶನ ಪ್ರಯೋಗದ ಉಪಕರಣದ ಅಧಿಕ ವೋಲ್ಟೇಜ್ ತಗುಲಿ ಮೃತಪಟ್ಟರು. ಅವರು ಹೊಸಬರಲ್ಲ, ಸಮುದಾಯಕ್ಕೆ ದಾರಿ ತೋರಿದ ಪ್ರಯೋಗಶೀಲರು. ಬಲ್ಲವನಿಗೂ ವಿನಾಯಿತಿಯಿಲ್ಲವೆಂಬ ಪಾಠವನ್ನು ಈ ಘಟನೆ ಸಮುದಾಯಕ್ಕೆ ಕಲಿಸಿತು. ಆಸ್ಟ್ರೇಲಿಯಾದ ಹವ್ಯಾಸಿಗಳು ಅವರ ಹೆಸರಿನಲ್ಲಿ ಸ್ಪರ್ಧೆಯೊಂದನ್ನು ನಡೆಸುತ್ತ ಬಂದಿದ್ದಾರೆ.

ಇಂತಹ ಅಪಾಯದ ಎದುರು ಸಮುದಾಯ ಕೆಲವು ನಿಯಮಗಳನ್ನು ವಿಧಿಯಂತೆ ಪಾಲಿಸುತ್ತದೆ. ಅಧಿಕ ವೋಲ್ಟೇಜಿನ ಬಳಿ ಕೆಲಸ ಮಾಡುವಾಗ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಎರಡೂ ಕೈಗಳ ನಡುವೆ ಪ್ರವಾಹ ಹರಿದರೆ ಅದು ಹೃದಯದ ಮೂಲಕ ಹಾಯುತ್ತದೆ. ಒಬ್ಬನೇ ಇರುವಾಗ ಈ ಕೆಲಸಕ್ಕೆ ಕೈಹಾಕಬಾರದು. ದಣಿದಾಗ, ನಿದ್ದೆಗಣ್ಣಿನಲ್ಲಿ ಮುಚ್ಚಳ ತೆರೆಯಬಾರದು. ಮುಚ್ಚಳ ತೆರೆದೊಡನೆ ವಿದ್ಯುತ್ ತಾನಾಗಿ ಕಡಿಯುವಂತಿರಬೇಕು. ಅನಂತರವೂ, ಭೂಸಂಪರ್ಕವಿರುವ ಲೋಹದ ಕೊಕ್ಕೆಯನ್ನು ತುದಿಗೆ ಕಟ್ಟಿದ ನಿರೋಧಕ ಕೋಲಿನಿಂದ ಧಾರಕವನ್ನು ಮುಟ್ಟಿಸಿ, ಕೊಕ್ಕೆಯನ್ನು ಅಲ್ಲಿಯೇ ಬಿಟ್ಟು ಕೆಲಸ ಆರಂಭಿಸಬೇಕು. ಈ ಕೋಲಿಗೆ 'ಚಿಕನ್ ಸ್ಟಿಕ್', ಅಂದರೆ ಅಂಜುಬುರುಕನ ಕೋಲು ಎಂಬ ಹೆಸರಿದೆ. ಅಂಜಿಕೆಯನ್ನು ಹಾಸ್ಯದ ಮೂಲಕ ಗೌರವಾರ್ಹಗೊಳಿಸುವ ಈ ಹೆಸರು ಕಸುಬಿನ ನಿಷೇಧಗಳು ಹೇಗೆ ನಾಲಗೆಯ ಮೇಲೆ ಉಳಿಯುತ್ತವೆ ಎಂಬುದಕ್ಕೆ ಉತ್ತಮ ನಿದರ್ಶನ.

ಯಾವ ಸಾಮಗ್ರಿಯನ್ನು ಬಳಸಬಾರದು ಎಂಬುದೂ ಈ ಅರಿವಿನ ಭಾಗ. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಗುಜರಿಯಲ್ಲಿ ಸುಲಭವಾಗಿ ದೊರೆಯುತ್ತದೆ ಮತ್ತು ಸುಮಾರು 2000 ವೋಲ್ಟ್ ನೀಡುತ್ತದೆ. ಆದರೆ ಅದು ಮಾರಕ ಪ್ರಮಾಣದ ಪ್ರವಾಹವನ್ನೂ ನೀಡುವುದರಿಂದ ಅನುಭವಿಗಳು ಅದನ್ನು ದೂರವಿಡುವಂತೆ ಹೇಳುತ್ತಾರೆ. ಕೆಲವು ಪಿಂಗಾಣಿ ವಾಲ್ವುಗಳಲ್ಲಿ ಬೆರಿಲಿಯಂ ಆಕ್ಸೈಡ್ ಇರುವುದರಿಂದ ಅವನ್ನು ಒಡೆಯುವುದಾಗಲಿ ಉಜ್ಜುವುದಾಗಲಿ ನಿಷಿದ್ಧ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

7. ನಂಬಿಕೆ ಮತ್ತು ಅಳತೆ

ವಾಲ್ವುಗಳನ್ನು ಕುರಿತು ಈ ಸಮುದಾಯದಲ್ಲಿ ಅನೇಕ ನಂಬಿಕೆಗಳು ಬಾಯಿಂದ ಬಾಯಿಗೆ ಹರಿದು ಬಂದಿವೆ. ಪರೀಕ್ಷಕವು ಈ ನಂಬಿಕೆಗಳನ್ನು ಒರೆಗೆ ಹಚ್ಚುವ ಸಾಧನವೂ ಹೌದು. ಬಹುಕಾಲ ಮೂಲೆಯಲ್ಲಿದ್ದ ವಾಲ್ವಿನ ತಂತುವನ್ನು ಮಾತ್ರ ಕೆಲವು ಗಂಟೆಗಳ ಕಾಲ ಉರಿಸಿದರೆ ಅದು ಚೇತರಿಸಿಕೊಳ್ಳುತ್ತದೆ ಎಂಬುದು ಅಂತಹ ಒಂದು ನಂಬಿಕೆ. ಒಳಗಿನ ಅನಿಲವನ್ನು ಹೀರುವ ವಸ್ತು ತಂತುವಿನ ಶಾಖದಿಂದಲೇ ಚುರುಕಾಗುವಂತಹ ವಾಲ್ವುಗಳಲ್ಲಿ ಇದು ಫಲ ಕೊಡುತ್ತದೆ. 3-500ಜ಼ೆಡ್‌ನಂತಹ ವಾಲ್ವುಗಳಲ್ಲಿ ಅನಿಲ ಹೀರುವ ಲೇಪನವಿರುವುದು ಆನೋಡಿನ ಮೇಲೆ. ಆನೋಡ್ ಕೆಂಪಗೆ ಕಾದಾಗಲಷ್ಟೇ ಅದು ಕೆಲಸ ಮಾಡುತ್ತದೆ. ಹೀಗಾಗಿ 'ಆನೋಡ್ ಕೆಂಪಾದರೆ ವಾಲ್ವು ಕೆಟ್ಟಂತೆ' ಎಂಬ ಇನ್ನೊಂದು ನಂಬಿಕೆ ಈ ಬಗೆಯ ವಾಲ್ವಿಗೆ ಹೊಂದುವುದಿಲ್ಲ. ಹಿತಮಿತವಾದ ಕೆಂಪು ಅದರ ಆರೋಗ್ಯಕ್ಕೆ ಬೇಕಾದದ್ದೇ ಆಗಿದೆ.

ತಂತುವಿಗೆ ಕ್ಷಣಕಾಲ ಹೆಚ್ಚು ವೋಲ್ಟೇಜ್ ಕೊಟ್ಟು ಅದಕ್ಕೆ ಮರುಜೀವ ನೀಡಬಹುದೆಂಬ ನಂಬಿಕೆಗೂ ಚರಿತ್ರೆಯಿದೆ. 1920ರ ದಶಕದಲ್ಲಿ ಬಳಕೆಯಲ್ಲಿದ್ದ 201ಎ ಎಂಬ ಗ್ರಾಹಕ ವಾಲ್ವಿಗೆ ಇಂತಹ ಪುನಶ್ಚೇತನ ಯಂತ್ರಗಳು ಮಾರಾಟಕ್ಕೇ ಇದ್ದವು. ತಂತುವಿನ ಒಳಪದರದಲ್ಲಿ ಥೋರಿಯಂ ಉಳಿದಿದ್ದರೆ ಶಾಖ ಅದನ್ನು ಮೇಲ್ಮೈಗೆ ತರುತ್ತದೆ. ಮುಗಿದುಹೋಗಿದ್ದರೆ ಯಾವ ಉಪಚಾರವೂ ಫಲಿಸದು. ಒಂದು ನಂಬಿಕೆ ಒಂದು ಬಗೆಯ ವಾಲ್ವಿನಲ್ಲಿ ಹುಟ್ಟಿ, ಕಾರಣವನ್ನು ಕಳಚಿಕೊಂಡು, ಬೇರೆ ಬಗೆಯ ವಾಲ್ವುಗಳಿಗೂ ಹರಡುವ ಈ ಪ್ರಕ್ರಿಯೆ ನಾಟಿ ವೈದ್ಯದ ಅಧ್ಯಯನಕಾರರಿಗೆ ಹೊಸದಲ್ಲ. ಉಪಚಾರದ ಮೊದಲು ಮತ್ತು ಅನಂತರ ಮೀಟರು ತೋರಿದ ಅಂಕಿಗಳನ್ನು ಬರೆದಿಟ್ಟವನಿಗೆ ಮಾತ್ರ ನಂಬಿಕೆಯ ಎಲ್ಲೆ ಯಾವುದೆಂಬುದು ತಿಳಿಯುತ್ತದೆ.

8. ಪಾಠಾಂತರಗಳು, ಮಾದರಿ ವಾಲ್ವು ಮತ್ತು ದಾಖಲೆ ಪುಸ್ತಕ

ಪರೀಕ್ಷಕದ ಸರ್ಕ್ಯೂಟ್ ನಕ್ಷೆಗಳು ಪತ್ರಿಕೆಗಳಲ್ಲಿ ಅಚ್ಚಾದದ್ದುಂಟು. ಕೈಬರಹದ ನಕಲುಗಳಾಗಿ, ಜೆರಾಕ್ಸ್ ಪ್ರತಿಗಳಾಗಿ ಕೈಯಿಂದ ಕೈಗೆ ದಾಟಿದ್ದೂ ಉಂಟು. ಕಚೇರಿಗಳ ಜೆರಾಕ್ಸ್ ಯಂತ್ರದ ಮೂಲಕ ಹರಡುವ ಹಾಸ್ಯ ಸಾಹಿತ್ಯವನ್ನು ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ 1975ರಷ್ಟು ಹಿಂದೆಯೇ ಜಾನಪದವೆಂದು ಸಂಗ್ರಹಿಸಿ ಪ್ರಕಟಿಸಿದ್ದನ್ನು ಇಲ್ಲಿ ನೆನೆಯಬಹುದು. ಒಂದು ನಕ್ಷೆಯನ್ನು ಇಬ್ಬರು ಅನುಸರಿಸಿದರೂ ಎರಡು ಬಗೆಯ ಪರೀಕ್ಷಕಗಳು ಹುಟ್ಟುತ್ತವೆ. ಒಬ್ಬನ ಬಳಿ ಹಳೆಯ ವರ್ಧಕದ ಟ್ರಾನ್ಸ್‌ಫಾರ್ಮರ್ ಇದ್ದರೆ ಇನ್ನೊಬ್ಬನ ಬಳಿ ಸೇನೆಯ ಗುಜರಿಯ ಮೀಟರ್ ಇರುತ್ತದೆ. ಮೌಖಿಕ ಕಾವ್ಯದಲ್ಲಿ ಗಾಯಕನಿಂದ ಗಾಯಕನಿಗೆ ಪಾಠ ಬದಲಾಗುವಂತೆ ಇಲ್ಲಿ ಕೈಗೆ ಸಿಕ್ಕ ಸಾಮಗ್ರಿಗೆ ತಕ್ಕಂತೆ ಪಾಠಾಂತರಗಳು ಉಂಟಾಗುತ್ತವೆ.

ಈ ವೈವಿಧ್ಯದಿಂದಾಗಿ ಒಂದು ಗಂಭೀರವಾದ ಪ್ರಶ್ನೆ ಎದುರಾಗುತ್ತದೆ. ಒಬ್ಬನ ಪರೀಕ್ಷಕದಲ್ಲಿ 400 ಎಂದು ತೋರಿದ ಅಂಕಿ ಇನ್ನೊಬ್ಬನ ಪರೀಕ್ಷಕದಲ್ಲಿ 330 ಎಂದು ತೋರಬಹುದು. ಎರಡರ ವೋಲ್ಟೇಜೂ ಬೇರೆ, ಮೀಟರೂ ಬೇರೆ. ಹಾಗಾದರೆ ಈ ಅಂಕಿಗಳಿಗೆ ಅರ್ಥ ಬರುವುದು ಹೇಗೆ? ಇದಕ್ಕೆ ಸಮುದಾಯ ಕಂಡುಕೊಂಡಿರುವ ಉತ್ತರ ಒರೆಗಲ್ಲಿನ ತತ್ತ್ವವೇ ಆಗಿದೆ. ಒರೆಗಲ್ಲು ತಾನಾಗಿ ಏನನ್ನೂ ಹೇಳುವುದಿಲ್ಲ. ಗುಣ ತಿಳಿದ ಚಿನ್ನದ ಗೆರೆ ಪಕ್ಕದಲ್ಲಿದ್ದಾಗ ಮಾತ್ರ ಅದು ಮಾತನಾಡುತ್ತದೆ. ಅದೇ ರೀತಿ ಅನುಭವಿ ಹವ್ಯಾಸಿಯು ಒಳ್ಳೆಯದೆಂದು ಖಚಿತವಾಗಿ ತಿಳಿದ ಒಂದು ವಾಲ್ವನ್ನು ಮಾದರಿಯಾಗಿ ತೆಗೆದಿರಿಸುತ್ತಾನೆ. ಅದನ್ನು ಬಳಕೆಗೆ ಇಳಿಸುವುದಿಲ್ಲ. ಪ್ರತಿ ಬಾರಿಯೂ ಮೊದಲು ಅದನ್ನು ಪರೀಕ್ಷಿಸಿ, ಅದರ ಅಂಕಿಗೆ ಹೋಲಿಸಿ ಇತರ ವಾಲ್ವುಗಳ ಗುಣ ನಿರ್ಧರಿಸುತ್ತಾನೆ. ಸಾಧ್ಯವಾದಲ್ಲಿ ದಣಿದ ವಾಲ್ವೊಂದನ್ನೂ ಇರಿಸಿಕೊಂಡು ಕೆಳಗಿನ ಎಲ್ಲೆಯನ್ನು ತಿಳಿಯುತ್ತಾನೆ. ಯಾವ ದಿನ, ಯಾವ ವಾಲ್ವು, ತಂತುವಿನ ಎಷ್ಟು ವೋಲ್ಟೇಜಿನಲ್ಲಿ ಏನು ತೋರಿತು ಎಂಬುದನ್ನು ಪುಸ್ತಕದಲ್ಲಿ ದಾಖಲಿಸುತ್ತಾನೆ.

ಇದರಿಂದ ಸ್ಪಷ್ಟವಾಗುವ ಅಂಶವೆಂದರೆ ಪರೀಕ್ಷಕ ಎಂಬುದು ಮೇಜಿನ ಮೇಲಿರುವ ಪೆಟ್ಟಿಗೆಯಷ್ಟೇ ಅಲ್ಲ. ಪೆಟ್ಟಿಗೆ, ಮಾದರಿ ವಾಲ್ವು, ದಾಖಲೆ ಪುಸ್ತಕ ಮತ್ತು ಇವುಗಳನ್ನು ಓದಬಲ್ಲ ವ್ಯಕ್ತಿ, ಈ ನಾಲ್ಕೂ ಕೂಡಿದಾಗ ಅದು ಪರೀಕ್ಷಕವಾಗುತ್ತದೆ. ಹವ್ಯಾಸಿಯೊಬ್ಬ ತೀರಿಕೊಂಡಾಗ ಅವನ ಮನೆಯವರು ಪೆಟ್ಟಿಗೆಯನ್ನು ಒಬ್ಬರಿಗೆ ಕೊಟ್ಟು, ಮಾದರಿ ವಾಲ್ವನ್ನು ಉಳಿದವುಗಳೊಡನೆ ಮಾರಿ, ಪುಸ್ತಕವನ್ನು ರದ್ದಿಗೆ ಹಾಕಿದರೆ ಬಿಡಿಭಾಗಗಳೆಲ್ಲ ಉಳಿದೂ ಪರೀಕ್ಷಕ ಇಲ್ಲವಾಗುತ್ತದೆ. ಪೆಟ್ಟಿಗೆಯನ್ನು ಪಡೆದವನಿಗೆ ಅದರ ಯಾವ ಮೂಲೆಯಲ್ಲಿ ಧಾರಕವಿದೆ, ಸ್ವಿಚ್ ತೆಗೆದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದು ತಿಳಿಯದಿದ್ದಲ್ಲಿ ಆ ನಷ್ಟ ಪ್ರಾಣಾಪಾಯವೂ ಆಗಬಹುದು.

9. ಉಪಸಂಹಾರ

ಪರೀಕ್ಷಾ ಪರಂಪರೆಗಳ ದಾಖಲೀಕರಣದಲ್ಲಿ ಅನುಸರಿಸಬೇಕಾದ ವಿಧಾನದ ಬಗೆಗೆ ಈ ಉಪಕರಣದ ಅಧ್ಯಯನ ಕೆಲವು ಸೂಚನೆಗಳನ್ನು ನೀಡುತ್ತದೆ. ರಾಮನಗರದ ಬಳಿಯ ಜಾನಪದ ಲೋಕದಂತಹ ಸಂಗ್ರಹಾಲಯಗಳು ಉಪಕರಣಗಳನ್ನು ಕಾಪಾಡುವಲ್ಲಿ ಅಮೂಲ್ಯವಾದ ಕೆಲಸ ಮಾಡಿವೆ. ಆದರೆ ಒರೆಗಲ್ಲನ್ನು ಮಾತ್ರ ಸಂಗ್ರಹಿಸಿ, ಅದರೊಡನೆ ಇರುತ್ತಿದ್ದ ಮಾದರಿ ಚಿನ್ನವನ್ನೂ ಗೆರೆಯನ್ನು ಓದುವ ಕಣ್ಣನ್ನೂ ಬಿಟ್ಟರೆ ದಾಖಲೆ ಅಪೂರ್ಣವಾಗುತ್ತದೆ. ಉಪಕರಣದ ಜೊತೆಗೆ ಅದರ ಹೋಲಿಕೆಯ ಮಾದರಿ, ಬಳಸಿದವರ ಟಿಪ್ಪಣಿ, ಕೈಚಲನೆಯ ಕ್ರಮ, ನಿಷೇಧಗಳು ಹಾಗೂ ಅವಕ್ಕೆ ಸಂಬಂಧಿಸಿದ ನುಡಿಗಟ್ಟುಗಳನ್ನೂ ಒಟ್ಟಾಗಿ ಸಂಗ್ರಹಿಸುವುದು ಅಗತ್ಯ.

ಕರ್ನಾಟಕದ ಮಟ್ಟಿಗೆ ಈ ಕೆಲಸಕ್ಕೆ ವಿಶೇಷವಾದ ಅವಕಾಶವಿದೆ. ವಾಲ್ವುಗಳನ್ನು ತಯಾರಿಸಿದ ಕಾರ್ಖಾನೆಯ ಕೆಲಸಗಾರರು, ಪ್ರಸಾರ ನಿಲಯಗಳಲ್ಲಿ ಅವುಗಳನ್ನು ನೋಡಿಕೊಂಡ ತಂತ್ರಜ್ಞರು, ಸಣ್ಣ ಊರುಗಳಲ್ಲಿ ವಾಲ್ವ್ ರೇಡಿಯೋ ದುರಸ್ತಿ ಮಾಡಿ ಪೆನ್ಸಿಲಿನ ತುದಿಯಿಂದ ತಟ್ಟಿ ದೋಷ ಹಿಡಿಯುತ್ತಿದ್ದ ಕುಶಲಿಗಳು ಮತ್ತು ಹವ್ಯಾಸಿಗಳು, ಈ ನಾಲ್ಕು ವರ್ಗದವರೂ ಈ ನಾಡಿನಲ್ಲಿ ಆಗಿಹೋಗಿದ್ದಾರೆ. ಕೆಲವರು ಇನ್ನೂ ನಮ್ಮೊಡನೆ ಇದ್ದಾರೆ. ಅವರ ಅರಿವು ಕನ್ನಡದಲ್ಲಿ ಯಾವ ಮಾತುಗಳಲ್ಲಿ ವ್ಯಕ್ತವಾಯಿತು, ವಾಲ್ವು 'ವೀಕ್' ಆಗಿದೆ ಎಂದು ಅವರು ಯಾವ ಗುರುತಿನಿಂದ ಹೇಳುತ್ತಿದ್ದರು, ಆ ಗುರುತನ್ನು ಯಾರಿಂದ ಕಲಿತರು ಎಂಬ ಪ್ರಶ್ನೆಗಳನ್ನು ಇಟ್ಟುಕೊಂಡು ಕ್ಷೇತ್ರಕಾರ್ಯ ಕೈಗೊಳ್ಳಬಹುದು. ಅಂತಹ ಹಿರಿಯರ ಬಳಿ ಪರೀಕ್ಷಕವೊಂದು ಇದ್ದಲ್ಲಿ, ಅದನ್ನು ಅವರ ಕೈಯಿಂದಲೇ ನಡೆಸಿ ತೋರಿಸುವಂತೆ ಕೇಳಿ ದಾಖಲಿಸುವುದು ಮೊದಲ ಕೆಲಸವಾಗಬೇಕು.